ವಿದ್ಯಾ ಕಟ್ಟಿದ ರಾಟೆ

ಕಣಗಲಾದಿಂದ ಮಮದಾಪುರಕ್ಕೆ ಸೊಸೆಯಾಗಿ ಬಂದ ವಿದ್ಯಾ ಐಟಿಐನಲ್ಲಿ ಟರ್ನರ್ ಕೆಲಸ ಕಲಿತವಳು. ಮದುವೆಗೆ ಮುಂಚೆ ಹೆದ್ದಾರಿ ಬದಿಯ ವರ್ಕ್‌ಶಾಪಿನಲ್ಲಿ ನೀರೆತ್ತುವ ಪಂಪುಗಳ ಶಾಫ್ಟ್ ಕಡೆಯುತ್ತಿದ್ದಳು. ಗಂಡನ ಮನೆಯಲ್ಲಿ ಕುರಿಹಟ್ಟಿ, ಹೊಲ, ಅಡುಗೆ ಇವುಗಳ ನಡುವೆ ಆ ವಿದ್ಯೆಗೆ ಜಾಗವೇ ಇರಲಿಲ್ಲ. ಆದರೂ ಗೋಕಾಕದ ಪೇಟೆಯಲ್ಲಿ ಎಲ್ಲಿಂದಲಾದರೂ ಕಬ್ಬಿಣ ಕಡೆಯುವ ಸದ್ದು ಬಂದರೆ ಅವಳ ಹೆಜ್ಜೆ ನಿಧಾನವಾಗುತ್ತಿತ್ತು.

ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಗಂಡ ಸಿದ್ರಾಯ ಇದನ್ನು ಗಮನಿಸಿದ್ದ. ಕೊಣ್ಣೂರಿನಲ್ಲಿ ಒಂದು ಗ್ಯಾರೇಜು ಮುಚ್ಚಿದಾಗ, ಅಲ್ಲಿದ್ದ ಕಬ್ಬಿಣ ಕಡೆಯುವ ಹಳೆಯ ಸಣ್ಣ ಲೇತ್ ಯಂತ್ರವನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದುಬಿಟ್ಟ. ಅದನ್ನಿಡಲು ಇದ್ದ ಜಾಗ ಕುರಿಮರಿಗಳ ಚಪ್ಪರ ಒಂದೇ. ಮಾವ ಬೀರಸಿದ್ದಪ್ಪ ರೇಗಿದ.

"ಮರಿ ಎಲ್ಲಿ ಕೂಡ್ಲಿ? ಈ ಮಶೀನ್ ಮ್ಯಾಲೇನು?"

"ಒಂದ್ ಮೂಲಿ ಸಾಕ್ರಿ ಮಾವಾ. ನಡುವ ತಟ್ಟಿ ಕಟ್ತೇನಿ," ಎಂದಳು ವಿದ್ಯಾ. ಆ ಸಂಜೆಯೇ ಕಟ್ಟಿದಳು ಕೂಡ.

ಮೊದಮೊದಲು ಮಣೆಗೆ ಕಾಲು, ಬಾಗಿಲಿಗೆ ಅಗುಳಿ, ಇಂಥವೇ ಸಣ್ಣಪುಟ್ಟ ಕೆಲಸ. ಅಷ್ಟರಲ್ಲಿ ಅತ್ತೆ ಕೆಂಪವ್ವ ಹಿತ್ತಲಲ್ಲಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಬಲಭುಜ ಹಿಡಿದುಕೊಂಡಿತು. ಕೆಂಪವ್ವ ಬುದ್ಧಿ ಬಂದಾಗಿನಿಂದ ಉಣ್ಣೆ ನೂತವಳು. ಬಲಗೈ ರಾಟೆ ತಿರುಗಿಸಬೇಕು, ಎಡಗೈ ಎಳೆ ತೆಗೆಯಬೇಕು. ಈಗ ಬಲಗೈ ಮೇಲೇಳುತ್ತಿರಲಿಲ್ಲ. ಉಣ್ಣೆಯ ಚೀಲ ಬಿಚ್ಚಿ, ಬೆರಳಲ್ಲಿ ಒಂದಿಷ್ಟು ಹಿಂಜಿ, ಮತ್ತೆ ಕಟ್ಟಿಡುವಳು. ಊಟಕ್ಕೆ ಕರೆದರೂ ಸಿಡುಕು.

ಹೊಲಿಗೆ ಮಶೀನಿನಂತೆ ಕಾಲಿನಿಂದ ನಡೆಯುವ ರಾಟೆ ಮಾಡಿದರೆ ಹೇಗೆ ಎಂದು ವಿದ್ಯಾಳಿಗೆ ಹೊಳೆಯಿತು. ಬೇವಿನ ಹಲಗೆ ತಂದು ಚಕ್ರ ಕೊರೆದಳು. ಅಚ್ಚು, ನೂಲು ಸುತ್ತುವ ಕದಿರು ಎರಡನ್ನೂ ಲೇತಿನಲ್ಲಿ ಕಡೆದು ಹೊಳಪು ಕೊಟ್ಟಳು. ಬಹಳ ದಿನಗಳ ಮೇಲೆ ಕಾದ ಕಬ್ಬಿಣದ ವಾಸನೆ ಅವಳ ಸೀರೆಗೆ ಹತ್ತಿತ್ತು. ತೊಳೆಯಲು ಮನಸ್ಸಾಗಲಿಲ್ಲ.

ಕೆಂಪವ್ವನನ್ನು ಕುರ್ಚಿಯ ಮೇಲೆ ಕೂಡಿಸಿದಳು. ನಾಲ್ಕು ಸಲ ತುಳಿಯುವುದರಲ್ಲಿ ಹಗುರ ಚಕ್ರ ಸುತ್ತು ಮುಗಿಸದೆ ಗಕ್ಕನೆ ನಿಂತಿತು.

"ಕುರ್ಚಿ ಮ್ಯಾಲ ಕುಂತು ನೂತದ್ದು ಯಾರ್ನೂ ಕಂಡಿಲ್ಲ ನಾ," ಎಂದು ಕೆಂಪವ್ವ ಎದ್ದು ಹೋದಳು. ವಾರ ಕಳೆಯುವಷ್ಟರಲ್ಲಿ ಹಸಿ ಹಲಗೆ ಬಿಸಿಲಿಗೆ ಸೊಟ್ಟಗಾಯಿತು. ಚಕ್ರದಿಂದ ಕದಿರಿಗೆ ಸುತ್ತಿದ ದಾರ ನಿಲ್ಲದೆ ಜಾರತೊಡಗಿತು.

ವಿದ್ಯಾ ಚಪ್ಪರದಲ್ಲಿ ಮಂಡಿಗೆ ಗದ್ದ ಊರಿ ಕೂತಿದ್ದಳು. ಕೈಯಲ್ಲಿ ಕಸುಬು ಉಳಿದಿಲ್ಲವೇನೋ ಎಂಬ ಅಳುಕು ಅವಳಿಗೆ. ಆಗ ಬೀರಸಿದ್ದಪ್ಪ ಮುರಿದ ಚಕ್ಕಡಿಯ ಗಾಲಿಯೊಂದನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದ.

"ಹಸಿ ಬೇವು ಹಿಂಗಽ ಮಾಡ್ತೈತಿ. ಇದು ಒಣಗಿದ ಜಾಲಿ. ತೂಕಾನೂ ಐತಿ, ಒಮ್ಮೆ ತಿರುಗಿದ್ರ ನಿಂದ್ರೂದಿಲ್ಲ."

"ನಿಮ್ಮ ಗಾಲಿ ಕೊಯ್ಯಬೇಕಾಕ್ಕೈತ್ರಿ ಮಾವಾ."

"ಕೊಯ್ಯಾಕಽ ತಂದೇನಿ. ಗರಗಸ ಆ ಕಡಿ ನಾ ಹಿಡೀತೇನಿ, ಏಳು."

ಮಾವ ಸೊಸೆ ಕೂಡಿ ಗಾಲಿಯನ್ನು ತುಂಡು ಮಾಡಿ, ಚಿಕ್ಕ ಚಕ್ರ ಜೋಡಿಸಿ, ಕಬ್ಬಿಣದ ಪಟ್ಟಿಯನ್ನೂ ಕತ್ತರಿಸಿ ಸುತ್ತ ಬಿಗಿದರು. ಈ ಸಲ ವಿದ್ಯಾ ಅತ್ತೆಯನ್ನು ಕುರ್ಚಿಗೆ ಕರೆಯಲಿಲ್ಲ. ಅವಳು ದಿನಾ ಕೂಡುವ ಹಾಗೆಯೇ ನೆಲದ ಮೇಲೆ ಕಾಲು ಚಾಚಿ ಕೂಡಿಸಿ, ಅಂಗಾಲು ಎಲ್ಲಿಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು. ಕೆಳಗೆ ತುಳಿಯುವ ಪೆಡಲು ತೆಗೆದು, ಮುಂದಕ್ಕೆ ಒತ್ತುವ ಹಲಗೆ ನಿಲ್ಲಿಸಿದಳು.

ಕೆಂಪವ್ವ ಒತ್ತಿದಳು. ಚಕ್ರ ಸುತ್ತು ಮುಗಿಸಿತು, ನಿಲ್ಲದೆ ಮತ್ತೆ ತಿರುಗಿತು. ಮೊದಲ ಎಳೆ ತುಂಡಾಯಿತು, ಎರಡನೆಯದೂ ತುಂಡಾಯಿತು. "ನಿಂದ್ರು, ಕಾಲಿಗಿನ್ನಾ ರೂಢಿ ಆಗಿಲ್ಲ," ಎಂದು ಸೊಸೆಗೇ ಸಮಾಧಾನ ಹೇಳಿ ಮತ್ತೆ ಒತ್ತಿದಳು. ಆಮೇಲೆ ಎಳೆ ಉದ್ದವಾಗುತ್ತಲೇ ಹೋಯಿತು. ರೊಟ್ಟಿ ತಣ್ಣಗಾದರೂ ಕೆಂಪವ್ವ ಏಳಲಿಲ್ಲ.

ಭುಜದ ನೋವು ಪೂರ್ತಿ ಹೋಗಿಲ್ಲ. ಆದರೆ ಮುಂದಿನ ಕಂಬಳಿಗೆ ನೂಲು ಅವಳದೇ.

ಮೊನ್ನೆ ಕೊಣ್ಣೂರಿನಿಂದ ಕೆಂಪವ್ವನ ಗೆಳತಿ ಶಂಕ್ರವ್ವ ಬಂದು, ರಾಟೆಯನ್ನು ಸುತ್ತುಹಾಕಿ ನೋಡಿ, ತನಗೂ ಒಂದು ಬೇಕೆಂದಳು.

"ನಂಗ ಬಲಗಾಲ ಮಂಡಿ ನೋಯ್ತೈತಿ ಮಗಳಽ, ಎಡಗಾಲಿಂದ ಒತ್ತೋ ಹಂಗ ಆಗೂದಿಲ್ಲೇನು?"

"ಯಾಕಾಗೂದಿಲ್ರಿ? ಕುಂದರ್ರಿ, ಕಾಲ್ ಚಾಚ್ರಿ," ಎಂದು ವಿದ್ಯಾ ಸೀಮೆಸುಣ್ಣ ಹುಡುಕತೊಡಗಿದಳು. ತಟ್ಟಿಯಾಚೆ ಬೀರಸಿದ್ದಪ್ಪ ಮರಿಗಳನ್ನು ಬೇರೆ ಕಡೆ ಹೊಡೆಯುತ್ತಿದ್ದ. ಸೊಸೆಗೆ ಇನ್ನೊಂದು ಮೂಲೆಯೂ ಬೇಕಾಗುತ್ತದೆಂದು ಅವನೇ ತೀರ್ಮಾನಿಸಿದ್ದ.