ದೇವರ ಮನೆಯಲ್ಲಿಟ್ಟ ಕಂಪ್ಯೂಟರು

ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ಜಾತಕದ ವಸುಧಾಬಾಯಿ ಮನೆ ಎಲ್ಲಿ ಎಂದರೆ ಯಾರಾದರೂ ಕೈ ಮಾಡಿ ತೋರಿಸುತ್ತಿದ್ದರು. ಆಕೆಯ ಗಂಡ ನರಸಿಂಹ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತಿಕೆ ಮಾಡಿದರೂ ಆ ಮನೆಗೆ ಅವನ ಹೆಸರು ಹತ್ತಲಿಲ್ಲ. ಅವನಿಗೂ ಅದರ ಬೇಸರವಿರಲಿಲ್ಲ, ಪೇಪರು ಮತ್ತು ಚಹಾ ಹೊತ್ತಿಗೆ ಸರಿಯಾಗಿ ಬಂದರೆ ಸಾಕು.

ವಸುಧಾಬಾಯಿ ಸವಡಿಯ ಪುರೋಹಿತರ ಮಗಳು. ಗಂಡುಮಕ್ಕಳಿಲ್ಲದ ಅಪ್ಪ ಪಂಚಾಂಗವನ್ನು ಮಗಳ ಕೈಗೇ ಕೊಟ್ಟಿದ್ದ. ಮದುವೆಯಾಗಿ ಬಂದ ಮೇಲೆ ಆಕೆ ಗ್ರಹಗಳ ಕುಂಡಲಿಯನ್ನು ಕೈಯಿಂದಲೇ ಬರೆದುಕೊಡುತ್ತಿದ್ದಳು. ರೋಣ, ಗಜೇಂದ್ರಗಡದ ಕಡೆಯಿಂದಲೂ ಹೆಣ್ಣು ಹೆತ್ತವರು ಬಸ್ಸು ಹತ್ತಿ ಬರುತ್ತಿದ್ದರು. ಹಾಗೆ ಬರುವುದಕ್ಕೆ ಒಂದು ಕಾರಣವಿತ್ತು, ಅದನ್ನು ಬಂದವರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಹುಡುಗಿ ಮೂಲಾ ನಕ್ಷತ್ರದಾಕಿರಿ. ಮಾವಗ ಆಗಂಗಿಲ್ಲಂತ ಮೂರು ಕಡೆ ಒಲ್ಲೆ ಅಂದ್ರು" ಎಂದು ಯಾವನೋ ಅಪ್ಪ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಿದ್ದ. ವಸುಧಾಬಾಯಿ ಹೌದೆನ್ನುತ್ತಲೂ ಇರಲಿಲ್ಲ, ಇಲ್ಲವೆನ್ನುತ್ತಲೂ ಇರಲಿಲ್ಲ. "ಹುಟ್ಟಿದ ವ್ಯಾಳ್ಯಾ ಇನ್ನೊಮ್ಮೆ ನೆನಪು ಮಾಡಿಕೊಳ್ರಿ. ಆಗ ನಿಮ್ಮ ಮನ್ಯಾಗ ಗಡಿಯಾರ ಇತ್ತೇನು?" ಎನ್ನುತ್ತಿದ್ದಳು. ಅಪ್ಪನಿಗೆ ತಟ್ಟನೆ ನೆನಪಾಗುತ್ತಿತ್ತು, ಗಡಿಯಾರ ಇರಲಿಲ್ಲ. ಅಲ್ಲಿಗೆ ಹುಡುಗಿ ಆರೆಂಟು ತಾಸು ತಡವಾಗಿ ಹುಟ್ಟಿ ಬೇರೆ ನಕ್ಷತ್ರಕ್ಕೆ ಹೋಗುತ್ತಿದ್ದಳು. ಮುಂದಿನ ಮಾಘದಲ್ಲಿ ಅವಳ ಲಗ್ನಪತ್ರಿಕೆ ಈ ಮನೆಗೂ ಬರುತ್ತಿತ್ತು.

ಇದು ಸುಳ್ಳೆಂದು ಆಕೆಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆಕಾಶದ ಚುಕ್ಕಿಗಳಿಗೆ ನಮ್ಮ ಹೆಣ್ಣುಮಕ್ಕಳ ಮೇಲೆ ಇಷ್ಟೊಂದು ಸಿಟ್ಟಿರಲಾರದು ಎಂಬುದೂ ಆಕೆಯ ಖಚಿತ ಅಭಿಪ್ರಾಯವಾಗಿತ್ತು. ಆದರೂ ನಿಜವಾದ ಜಾತಕವನ್ನು ಆಕೆ ಹರಿದು ಹಾಕುತ್ತಿರಲಿಲ್ಲ. ನಾಳೆ ಆ ಹುಡುಗಿಗೆ ಮಕ್ಕಳಾಗಲಿಲ್ಲವೆಂದೋ ಮೈ ಸರಿಯಿಲ್ಲವೆಂದೋ ಶಾಂತಿ ಮಾಡಿಸಬೇಕಾದರೆ ಖರೇ ಜಾತಕವೇ ಬೇಕು, ತಿದ್ದಿದ್ದು ನಡೆಯುವುದಿಲ್ಲ. ಚುಕ್ಕಿಗಳ ಸಿಟ್ಟನ್ನು ನಂಬದವಳು ಶಾಂತಿಯನ್ನು ಮಾತ್ರ ಹೇಗೆ ನಂಬುತ್ತಿದ್ದಳೋ, ಅದನ್ನು ಆಕೆಯನ್ನೇ ಕೇಳಬೇಕು. ಅಂತೂ ಎರಡೆರಡು ಪ್ರತಿ ಟ್ರಂಕಿನಲ್ಲಿರುತ್ತಿದ್ದವು, ಟ್ರಂಕಿನ ಕೀಲಿ ಸೊಂಟದಲ್ಲಿರುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸೊಂದರಿಂದ ಹಳೆಯ ಕಂಪ್ಯೂಟರು ಮನೆಗೆ ಬಂತು. ಹುಟ್ಟಿದ ದಿನ, ವೇಳೆ ಒತ್ತಿದರೆ ಕುಂಡಲಿ ಕನ್ನಡದಲ್ಲೇ ಬರುವ ಏರ್ಪಾಡೂ ಅದರಲ್ಲಿತ್ತು. ವಸುಧಾಬಾಯಿ ಒಂದು ವರ್ಷ ಕೂತು ಟ್ರಂಕಿನದೆಲ್ಲ ಅದಕ್ಕೆ ತುಂಬಿದಳು. ತಿದ್ದಿದ ಹೆಸರುಗಳಿಗೆ ಎರಡು ಸಾಲು, ಒಂದರಲ್ಲಿ ಬರಿ ಹೆಸರು, ಇನ್ನೊಂದರಲ್ಲಿ ಹೆಸರಿನ ಮುಂದೆ ಖರೇ ಎಂದು. ಟ್ರಂಕನ್ನು ಯಾರೂ ಕೇಳುತ್ತಿರಲಿಲ್ಲ, ಕಂಪ್ಯೂಟರು ಮಾತ್ರ ಎಲ್ಲರಿಗೂ ಬೇಕಾಯಿತು. ಬೀಜದಂಗಡಿಯಲ್ಲಿ ಕೆಲಸ ಮಾಡುವ ಮೈದುನ ಮುಕುಂದ ಅದರಲ್ಲಿ ಇಸ್ಪೀಟು ಆಡಿದ, ಹಾಡು ತುಂಬಿದ, ಗೆಳೆಯರನ್ನು ಕರೆತಂದ. ಆಕೆ ಗುಪ್ತಪದ ಹಾಕಿದಳು. ಮೂರು ದಿನದಲ್ಲಿ ಮುಕುಂದ ಅದನ್ನು ಮುರಿದು, "ವೈನಿ, ನಿಮ್ಮ ಹುಟ್ಟೂರಿನ ಹೆಸರು ಇಡೋದೇನ್ರಿ?" ಎಂದು ನಕ್ಕ. ಬದಲಿಸಿದಳು.

ಆಕೆಗೆ ಹೆದರಿಕೆ ಊರಿನ ಹುಡುಗಿಯರ ಸಲುವಾಗಿ ಇತ್ತು, ಅದು ನಿಜ. ಆದರೆ ನಿದ್ದೆ ಕೆಡಿಸುತ್ತಿದ್ದುದು ಅವರಲ್ಲ. ಆ ಪಟ್ಟಿಯ ಕೊನೆಯ ಕಡೆ ವಸುಧಾ ಎಂದೂ ಎರಡು ಸಾಲುಗಳಿದ್ದವು. ಕೋಳಿ ಕೂಗುವಾಗ ಹುಟ್ಟಿದ ಮಗಳನ್ನು ಅಪ್ಪ ಮಧ್ಯಾಹ್ನದ ಊಟದ ಹೊತ್ತಿಗೆ ಹುಟ್ಟಿಸಿ, ಆಶ್ಲೇಷಾದಿಂದ ಮಘಾಕ್ಕೆ ದಾಟಿಸಿ, ಈ ಮನೆಗೆ ಕೊಟ್ಟಿದ್ದ. ಆಶ್ಲೇಷಾದ ಸೊಸೆ ಬಂದರೆ ಅತ್ತೆ ಉಳಿಯುವುದಿಲ್ಲ ಎಂದು ಹೇಳುತ್ತಾರೆ. ಅತ್ತೆ ವೆಂಕೂಬಾಯಿ ಎಪ್ಪತ್ತಮೂರಕ್ಕೂ ಸ್ವಂತ ಹಲ್ಲಿನಲ್ಲಿ ಹುರಿದ ಶೇಂಗಾ ತಿನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಆಕೆಗೆ ಒಂದು ಜ್ವರ ಬಂದದ್ದು ಯಾರಿಗೂ ನೆನಪಿಲ್ಲ. ಆದರೆ ಮುಕುಂದನಿಗೆ ಬಂದ ಹೆಣ್ಣುಗಳಲ್ಲಿ ನಾಲ್ಕನ್ನು ಆಕೆ ಇದೇ ಚುಕ್ಕಿಗಾಗಿ ಬಿಟ್ಟಿದ್ದಳು. "ಅತ್ತಿನ್ನ ತಿನ್ನೋ ನಕ್ಷತ್ರ ನಮ್ಮನಿ ಹೊಸ್ತಿಲಾ ದಾಟಬಾರದು" ಎಂದಾಗಲೆಲ್ಲ ಒಳಗೆ ಬದನೆಕಾಯಿ ಹೆಚ್ಚುತ್ತಿದ್ದ ಸೊಸೆಯ ಕೈ ನಿಲ್ಲುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಗಜೇಂದ್ರಗಡದಲ್ಲಿದ್ದ ತಂಗಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳು. ಹದಿನೈದು ದಿನವಾದರೂ ಹೋಗಿ ಇರಬೇಕು. ಅಷ್ಟು ದಿನ ಕಂಪ್ಯೂಟರು ಪಡಸಾಲೆಯಲ್ಲಿ, ಮುಕುಂದನ ಕೈಯಳತೆಯಲ್ಲಿ! ವಸುಧಾಬಾಯಿ ಎರಡು ದಿನ ಯೋಚಿಸಿ, ಅದನ್ನು ದೇವರ ಮನೆಗೆ ಸಾಗಿಸಿದಳು. ಗ್ರಹಗತಿ ಹೇಳುವ ವಸ್ತು ಮೈಲಿಗೆಯಲ್ಲಿ ಇರಬಾರದು ಎಂದಳು. ವೆಂಕೂಬಾಯಿಗೆ ಈ ಮಾತು ಬಹಳ ಹಿಡಿಸಿತು. ಸ್ನಾನ ಮಾಡಿ ಮಡಿ ಉಟ್ಟ ಹೊರತು ಆ ಹೊಸ್ತಿಲು ದಾಟುವಂತಿಲ್ಲ. ಹತ್ತು ಗಂಟೆಗೆ ಎದ್ದು ಮುಖಕ್ಕೆ ನೀರು ಸೋಕಿಸಿ ಅಂಗಡಿಗೆ ಓಡುವ ಮುಕುಂದ ಇಸ್ಪೀಟಿನ ಆಸೆಗೆ ಒದ್ದೆ ಪಂಜೆ ಉಡುವ ಗಂಡಸಲ್ಲ.

ಮನೆಯಲ್ಲಿ ದಿನವೂ ಮಡಿ ಉಡುವ ಒಂದೇ ಒಂದು ಜೀವ ವೆಂಕೂಬಾಯಿ. ಅದನ್ನು ವಸುಧಾಬಾಯಿ ಯೋಚಿಸಲಿಲ್ಲವೆಂದಲ್ಲ. ಫ್ಯಾನಿನ ಗುಂಡಿ ಒತ್ತಲಿಕ್ಕೂ ಮಗನನ್ನು ಕರೆಯುವ ಮುದುಕಿ ಇದಕ್ಕೆ ಕೈ ಹಚ್ಚುತ್ತಾಳೆಯೆ ಎಂದು ನಿಶ್ಚಿಂತಳಾಗಿ ಬಸ್ಸು ಹತ್ತಿದಳು.

ಮರಳಿ ಬಂದ ದಿನ ಕೈಕಾಲು ತೊಳೆದು ಅತ್ತೆಯ ಮುಂದೆ ಮಜ್ಜಿಗೆಯ ಲೋಟ ಇಟ್ಟಳು. ವೆಂಕೂಬಾಯಿ ಮುಟ್ಟಲಿಲ್ಲ.

"ನಿನ್ನ ನಕ್ಷತ್ರ ಯಾವುದು?"

ವಸುಧಾಬಾಯಿ ಲೋಟವನ್ನು ಅತ್ತೆಯ ಹತ್ತಿರ ಸರಿಸಿದಳು. "ಮಘಾ ಅಲ್ಲೇನ್ರಿ, ಅತ್ಯಾರ?"

"ಆ ಯಂತ್ರದಾಗ ಬ್ಯಾರೆ ಅದ."

ಆಗಿದ್ದಿಷ್ಟು. ಸೂಡಿಯಿಂದ ಮುಕುಂದನಿಗೊಂದು ಹೆಣ್ಣಿನ ಜಾತಕ ಬಂದಿತ್ತು, ಗುರುವಾರ ಅವರು ಬರುವವರಿದ್ದರು. ಸೊಸೆ ಬರುವವರೆಗೆ ತಡೆಯದ ವೆಂಕೂಬಾಯಿ ಮಗನ ಜಾತಕ ನೋಡಲು ಪೂಜೆ ಮುಗಿಸಿ ತಾನೇ ಕೂತಳು. ಎರಡು ವರ್ಷ ಸೊಸೆಯ ಬೆನ್ನ ಹಿಂದೆ ಹೂಬತ್ತಿ ಹೊಸೆಯುತ್ತ ಕೂತವಳಿಗೆ ಇಂಗ್ಲಿಷ್ ಅಕ್ಷರ ಒಂದೂ ಬರದಿದ್ದರೂ ಬೆರಳು ಎಲ್ಲೆಲ್ಲಿ ಬೀಳುತ್ತದೆ ಎಂಬುದು ರಂಗೋಲಿಯ ಚುಕ್ಕಿಯಂತೆ ಪಾಠವಾಗಿತ್ತು. ಕನ್ನಡದ ಪಟ್ಟಿ ತೆರೆಯಿತು. ಮುಕುಂದ ಸಿಕ್ಕ. ಅವನ ಕೆಳಗೆ ಹತ್ತು ಹೆಸರು ದಾಟಿದರೆ ವಸುಧಾ, ವಸುಧಾ ಖರೇ.

"ತಪ್ಪಾತ್ರಿ" ಎಂದು ವಸುಧಾಬಾಯಿ ಕಾಲು ಮುಟ್ಟಿದಳು. "ಅಪ್ಪ ಮಾಡಿದ್ದು, ನಾನೂ ಮುಚ್ಚಿಟ್ಟೆ. ಆದ್ರ ನೋಡ್ರಿ, ಇಪ್ಪತ್ತೆರಡು ವರ್ಷ ನಿಮಗೇನರ ಆತೇನ್ರಿ?"

"ಗೊತ್ತಿಲ್ಲದಾಗ ಆ ಮಾತು ಬ್ಯಾರೆ. ಈಗ ಗೊತ್ತಾತಲ್ಲ" ಎಂದಳು ವೆಂಕೂಬಾಯಿ. ಕಾಲು ಹಿಂದೆ ಎಳೆದುಕೊಂಡು, "ಜೋಡಿ ಹೆಸರು ಭಾಳ ಅವ ಅದರಾಗ. ಹೆದರಬ್ಯಾಡ, ನಾ ಯಾರ ಮುಂದೂ ಹೇಳಂಗಿಲ್ಲ. ಮಂದಿ ಸಂಸಾರ" ಎಂದಳು.

ಹೇಳಲಿಲ್ಲ, ಗಂಡುಮಕ್ಕಳಿಗೂ ಹೇಳಲಿಲ್ಲ. ಆ ಹುಡುಗಿಯ ಜಾತಕವಾದರೂ ಖರೇಯೋ ಏನೋ ಎಂದು ಸೂಡಿಯವರಿಗೆ ಈಗ ಬರುವುದು ಬೇಡವೆಂದು ಹೇಳಿಕಳಿಸಿದ್ದಳು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ವಸುಧಾಬಾಯಿಗೆ ಅನಿಸಿದ್ದುಂಟು. ಅತ್ತೆ ತನ್ನ ಅಡುಗೆಯನ್ನು ತಾನೇ ಬೇರೆ ಒಲೆಯ ಮೇಲೆ ಮಾಡಿಕೊಳ್ಳತೊಡಗಿದಳು. ಎಂದೂ ಇಲ್ಲದ್ದು, ಮುದುಕಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದಳು. ಕೆಮ್ಮು ಬಂದರೆ ಸೊಸೆಯ ಕಡೆ ನೋಡಿದಳು. ಗುಡಿಗೆ ಹೋಗುವುದು ಬಿಟ್ಟಳು, ಶೇಂಗಾ ಬಿಟ್ಟಳು. ನರಸಿಂಹ ದವಾಖಾನೆಗೆ ಕರೆದೊಯ್ದ. ಡಾಕ್ಟರಿಗೆ ಏನೂ ಸಿಗಲಿಲ್ಲ. ಮಾತ್ರೆಯಿಂದ ಹೋಗುವಂಥದು ಏನಾದರೂ ಸಿಕ್ಕಿದ್ದರೆ ಎಂದು ಹಂಬಲಿಸಿದವಳು ವಸುಧಾಬಾಯಿ ಒಬ್ಬಳೇ. ತಾನು ನಂಬದ ಚುಕ್ಕಿ ಕಣ್ಣೆದುರಿಗೇ ಕೆಲಸ ಮಾಡುವುದನ್ನು ಆಕೆ ನೋಡುತ್ತಿದ್ದಳು. ಅಳು ಬರುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ವೆಂಕೂಬಾಯಿ ದೇವರ ಮನೆಯಿಂದ ಕೂಗಿದಳು. ಆಕೆಯ ಕೈಯಲ್ಲಿ ತವರಿನಿಂದ ಬಂದ ಹಳದಿ ಕಾಗದವಿತ್ತು, ಅದರಲ್ಲಿ ಹುಟ್ಟಿದ ತಿಥಿ, ಘಳಿಗೆ.

"ನಂದು ತೆಗಿ. ಆಯುಷ್ಯ ಎಷ್ಟದ ನೋಡು."

ವಸುಧಾಬಾಯಿ ಮಡಿ ಉಟ್ಟು ಬಂದು ಕೂತಳು. ಕೆಟ್ಟದ್ದು ಬಂದರೆ ತಿದ್ದಿಯೇ ಕೊಡುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಒಂದೊಂದು ಅಂಕಿ ಒತ್ತಿದಳು. ತಿದ್ದುವ ಕೆಲಸವೇ ಬೀಳಲಿಲ್ಲ. ಎಂಬತ್ತೆಂಟು ದಾಟುವ ಯೋಗ, ಕೊನೆಯವರೆಗೂ ಗಟ್ಟಿ ಶರೀರ, ಸುಖಮರಣ. ಎಷ್ಟೋ ದಿನದ ಮೇಲೆ ಆಕೆಗೆ ನಗು ಬಂತು. ಪ್ರಿಂಟರು ಕರಕರ ಎಂದು ಹಾಳೆ ಉಗುಳಿತು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ವೆಂಕೂಬಾಯಿ ಚಾಳೀಸು ಏರಿಸಿಕೊಂಡು ಎರಡು ಸಲ ಓದಿದಳು.

"ಭಾಳ ಚಲೋ ಬಂದದ" ಎಂದಳು. ಹಾಳೆಯನ್ನು ಮಡಚಿ ಮಣೆಯ ಮೇಲಿಟ್ಟಳು. "ಈಗ ಆ ಇನ್ನೊಂದು ತೆಗಿ."

"ಇನ್ನೊಂದು ಇಲ್ರಿ, ಅತ್ಯಾರ. ಇರೋದು ಇದೊಂದ. ದೇವರಾಣಿ."

ವೆಂಕೂಬಾಯಿ ಸಿಟ್ಟಾಗಲಿಲ್ಲ. ಪರದೆಯ ಕಡೆ ಮುಖ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸೊಸೆ ಅದನ್ನು ತೆಗೆಯುವವರೆಗೆ ಕಾಯುತ್ತ ಕೂತಳು.