ಸೊಣ್ಣಮ್ಮ ಹಚ್ಚದ ದೀಪ

ಆ ಪ್ರಾರ್ಥನೆಯವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸಾರಕ್ಕಿ ಮಾರ್ಕೆಟ್ಟಿನಲ್ಲಿ, ಅವರೆಕಾಯಿ ಆರಿಸುತ್ತಿದ್ದಾಗ. ಪಕ್ಕದ ಬೀದಿಯ ಮುನಿಯಕ್ಕ ಒಂದು ಕಾಯಿ ಮೂಸಿ ನೋಡುತ್ತಾ, "ನಿನ್ನ ವಾರಗಿತ್ತಿ ಸೊಣ್ಣಮ್ಮ ಬುಧವಾರ ಬುಧವಾರ ಎಲ್ಲಿಗೆ ಹೋಗ್ತಾಳೆ ಗೊತ್ತೇನೇ? ಪುಟ್ಟೇನಹಳ್ಳೀಲಿ ಯಾರದೋ ಮಹಡಿ ಮೇಲೆ ಯೇಸು ಪ್ರಾರ್ಥನೆ. ಚಪ್ಪಾಳೆ ತಟ್ಕೊಂಡು ಹಾಡ್ತಾ ಇದ್ಲಂತೆ" ಎಂದಳು. ಸೊಣ್ಣಮ್ಮ ನನಗೆ ಹೇಳುತ್ತಿದ್ದದ್ದು, ಗಂಡನ ಕೈಕಾಲಿಗೆ ತಿಕ್ಕುವ ಎಣ್ಣೆ ತರಲು ಹೋಗುತ್ತೇನೆ ಅಂತ. ಆರಿಸಿದ ಕಾಯನ್ನು ಅಲ್ಲೇ ಸುರಿದು ಮನೆಗೆ ಬಂದೆ.

ಸೊಣ್ಣಮ್ಮ ನನ್ನ ಮೈದುನ ಬೈರಣ್ಣನ ಹೆಂಡತಿ. ಮೇಲಿನ ಮನೆಯಲ್ಲಿ ನಾನು, ಕೆಳಗೆ ಅವರು. ಈ ಜಾಗವೆಲ್ಲ ಲೇಔಟ್ ಆಗುವ ಮುಂಚೆ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತು ರಾಗಿ ಹೊಲದ ಕಳೆ ಕಿತ್ತವರು. ನಾನು ಒಂದು ಸಾಲು ಮುಗಿಸುವುದರಲ್ಲಿ ಅವಳು ಎರಡು ಮುಗಿಸಿ, ಬಾಯಿ ಬಿಡದೆ ಮೂರನೆಯದಕ್ಕೆ ಕೂರುತ್ತಿದ್ದಳು. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಆಗಿನಿಂದಲೂ ಅನುಮಾನ.

ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದು ಹಿರಿಯ ಗಂಡಸು, ಅದೂ ಬಲಗೈಯಲ್ಲಿ. ನಮ್ಮ ಯಜಮಾನರು ಹೋದ ಮೇಲೆ ಅದು ಬೈರಣ್ಣನ ಪಾಲಿಗೆ ಬಂತು. ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರನ್ನು ನೋಡಲು ಬರುತ್ತಿದ್ದ ವನಿತಾ ಎಂಬ ಹೆಂಗಸು ಇವನ ತಲೆ ಮೇಲೂ ಕೈಯಿಟ್ಟು ಪ್ರಾರ್ಥಿಸಿದಳಂತೆ. ಸೊಣ್ಣಮ್ಮ ಪ್ರಾರ್ಥನೆಯ ದಾರಿ ಹಿಡಿದದ್ದು ಅಲ್ಲಿಂದ.

ವಿಷಯ ಬಯಲಾದ ದಿನ ಬೈರಣ್ಣ ಕೂಗಾಡಲಿಲ್ಲ. "ನಿನ್ ದೇವರು ನಿಂಗಿರಲಿ. ಈ ಮನೇಲಿ ದೀಪ ನಿಂತ ದಿನ ನನ್ನ ಶ್ರೀನಗರಕ್ಕೆ ಮಗಳ ಮನೆಗೆ ಸಾಗಿಸ್ಬಿಡು. ನಿನ್ ಜೊತೆ ಇರಾಕಿಲ್ಲ" ಎಂದ. ಸೊಣ್ಣಮ್ಮ ಆಗಲಿ ಎಂದು ತಲೆಯಾಡಿಸಿದಳು.

ಮರುದಿನವೇ ಅವನ ಮಂಚವನ್ನು ಕೋಣೆಯಿಂದ ಹಾಲಿಗೆ ತಂದು ಹಾಕಿದಳು. ಕೋಣೆಯಲ್ಲಿ ಪ್ರಾರ್ಥನೆಯವರನ್ನು ಕೂರಿಸುವ ಹುನ್ನಾರ ಎಂದುಕೊಂಡೆ. ಹೆಪ್ಪು ಕೇಳುವ ನೆಪದಲ್ಲಿ ದಿನಾ ಕೆಳಗಿಳಿದೆ. ದೇವರ ಮನೆಗೆ ನುಗ್ಗಿ ದೀಪದ ಬತ್ತಿ ಮುಟ್ಟಿ ನೋಡಿದರೆ ಕರಕು, ಎಣ್ಣೆ ಇಳಿದಿದೆ.

"ಯಾರೇ ಹಚ್ಚಿದ್ದು?"

"ನಿನ್ನ ಮೈದುನ."

"ಕೈ ಬಿದ್ದೋಗಿರೋನಾ? ನನ್ ಕಿವಿಗೆ ಹೂವಾ?"

"ಆರು ಗಂಟೆಗೆ ಬಾ ಅಕ್ಕಾ, ನೋಡುವಂತೆ."

ಹೇಳಿದ ಹೊತ್ತಿಗೆ ಹೋಗಲಿಲ್ಲ. ಹೋದರೆ ನಾಟಕ ತೋರಿಸುತ್ತಾಳೆ. ನಾಲ್ಕು ದಿನ ಬಿಟ್ಟು, ಆರಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ನಿಂತು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಮಂಚ ದೇವರ ಮನೆಯ ಹೊಸ್ತಿಲಿಗೆ ತಾಗಿಕೊಂಡಿತ್ತು. ಸೊಣ್ಣಮ್ಮ ದೀಪ ಒರೆಸಿ, ಎಣ್ಣೆ ಬಿಟ್ಟು, ಬತ್ತಿ ಹಾಕಿದಳು. ಗಂಡನನ್ನು ಎಬ್ಬಿಸಿ ತನ್ನ ಎದೆಗೆ ಒರಗಿಸಿಕೊಂಡಳು. ಕಡ್ಡಿ ಗೀರಿ ಅವನ ಸತ್ತ ಬೆರಳುಗಳ ನಡುವೆ ಸಿಕ್ಕಿಸಿ, ಮಣಿಕಟ್ಟು ಹಿಡಿದು ಬತ್ತಿಯವರೆಗೆ ಒಯ್ದಳು. ದೀಪ ಹತ್ತಿತು. ಅವಳು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು.

ಒಳಗೆ ನುಗ್ಗಿ ಕೇಳಿಯೇಬಿಟ್ಟೆ: "ಏನೇ ಅದು ಗೊಣಗಿದ್ದು? ದೀಪ ಆರಿಹೋಗ್ಲಿ ಅಂತಾನಾ?"

"ಯೇಸಪ್ಪಾ, ಇವರ ಕೈ ಏಳಿಸು ಅಂತ. ಕೈ ಎದ್ರೆ ಅವರೇ ಹಚ್ಕೋತಾರೆ, ನಂಗೂ ಬಿಡುಗಡೆ."

ಬೈರಣ್ಣ ಸೊಟ್ಟ ಬಾಯಲ್ಲೇ ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ಸಲೀಸಾಗಿ ಉತ್ತರ ಕೊಡುವವರನ್ನು ನಂಬುವುದು ಹೇಗೆ?

ನಂಬದವಳು ನಾನೊಬ್ಬಳೇ ಅಲ್ಲ. ಒಂದು ಮಧ್ಯಾಹ್ನ ವನಿತಾ ಬಂದು ಸೊಣ್ಣಮ್ಮನ ಕೈ ಹಿಡಿದು ಮೂಸಿದ್ದನ್ನು ನಾನೇ ಕಂಡೆ. "ಇದು ದೀಪದೆಣ್ಣೆ ವಾಸನೆ ಅಲ್ವಾ ಸಿಸ್ಟರ್? ಹಿಂಗಾದ್ರೆ ನಿಮಗೆ ದೀಕ್ಷಾಸ್ನಾನ ಹೆಂಗೆ ಕೊಡೋದು? ಕಡ್ಡಿ ಗೀರೋದೂ ಪೂಜೆನೇ."

"ಅವರಿಗೆ ಶರ್ಟ್ ತೊಡಿಸೋಳೂ ನಾನೇ ಸಿಸ್ಟರ್. ಹಂಗಂತ ಶರ್ಟ್ ನಂದಾಗುತ್ತಾ?"

ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ಆ ರಾತ್ರಿ ಅವಳು ಊಟ ಮಾಡಲಿಲ್ಲ ಎಂದು ಬೈರಣ್ಣ ಹೇಳಿದ. ಮರುದಿನ ಸಂಜೆ ಆರಕ್ಕೆ ಬಗ್ಗಿ ನೋಡಿದೆ. ದೀಪ ಉರಿಯುತ್ತಿತ್ತು. ಬುಧವಾರ ಪುಟ್ಟೇನಹಳ್ಳಿಗೂ ಹೋಗಿಬಂದಳು.

ಹೋದ ವರ್ಷ ಎದೆನೋವು ಬಂದು ಆಪರೇಷನ್ನಿಗೆ ಹೊರಟವಳು ವಾಪಸು ಬರಲಿಲ್ಲ. ಹೊರಡುವಾಗ ಆಟೋ ಹತ್ತಿ ಕೂತು ನನ್ನನ್ನು ಹತ್ತಿರ ಕರೆದಳು.

"ಅಕ್ಕಾ, ನಾ ಬರೋ ತನಕ ಸಂಜೆ ದೀಪಕ್ಕೆ ಅವರ ಕೈ ನೀನು ಹಿಡಿ. ಬೆರಳು ಹಿಡೀಬೇಡ, ನೋಯುತ್ತೆ. ಮಣಿಕಟ್ಟು ಹಿಡಿ."

"ನನ್ ಕೈಲಿ ಹಿಡಿಸಿ ನಿನ್ ಪ್ರಾರ್ಥನೆ ನಡೆಸೋಕಾ?" ಎಂದೆ.

"ನಂದು ನಾನು ಆಸ್ಪತ್ರೇಲೇ ಮಾಡ್ಕೋತೀನಿ. ನೀನು ಸೀರಿಯಲ್ ಮುಗೀಲಿ ಅಂತ ಕೂತ್ಕೋಬೇಡ. ಆರಕ್ಕೆ ಸರಿಯಾಗಿ ಕೆಳಗೆ ಬಾ, ಅವರು ಕಾಯ್ತಾ ಇರ್ತಾರೆ."