ಡಾಕ್ಟರ್ ಬಾಯಾರ ಸೋರುವ ಗೇರ್ ಬಾಕ್ಸು

ಡಾಕ್ಟರ್ ಸುಶೀಲಾಬಾಯಿಯವರು ಇವತ್ತು ಯಾರ ಮನೆಗೆ ಹೋಗಿದ್ದರು ಎಂದು ನವಲಗುಂದದಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ. ಬಾಗಿಲ ಮುಂದೆ ಅಂಗೈಯಗಲ ಎಣ್ಣೆಯ ಕಲೆ ಬಿದ್ದಿದ್ದರೆ ಆ ಮನೆಯಲ್ಲಿ ಯಾರೋ ಜಡ್ಡಿಗೆ ಬಿದ್ದು ಮಲಗಿದ್ದಾರೆ ಎಂದು ಓಣಿಯವರೇ ತಿಳಿದುಕೊಳ್ಳುತ್ತಿದ್ದರು. ಅವರ ಹಳೆಯ ಬಿಳಿ ಕಾರಿನ ಗೇರ್ ಬಾಕ್ಸು ಅಷ್ಟು ಸೋರುತ್ತಿತ್ತು. ಆ ಕಲೆ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಊರಲ್ಲಿ ಕಾರು ರಿಪೇರಿ ಮಾಡುವವನು ನಾನೊಬ್ಬನೇ. "ಮಾಬೂಸಾಬನ ಕೈಗುಣ ನೋಡ್ರಿ" ಎಂದು ಜನ ನಗುತ್ತಿದ್ದುದು ನನ್ನನ್ನು ನೋಡಿ.

ಎಂಬತ್ತರ ದಶಕದ ಮಾತಿದು. ಊರವರೆಲ್ಲ ಬಾಯಾರು ಎನ್ನುತ್ತಿದ್ದ ಆ ಡಾಕ್ಟರಿಗೆ ಆಗಲೇ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ದಪ್ಪ ಕನ್ನಡಕ, ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ತಾವೇ ಕಾರು ನಡೆಸಿಕೊಂಡು ಶಲವಡಿ, ತಿರ್ಲಾಪುರ ಎಂದು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಗುಳಿಗೆಯನ್ನು ಅರ್ಧಕ್ಕೆ ಬಿಟ್ಟ ರೋಗಿ ಸಿಕ್ಕರೆ ನಡುಸಂತೆಯಲ್ಲೇ ನಿಲ್ಲಿಸಿ, "ಸಾಯಾಕ ಇಷ್ಟ ಅವಸರ ಇದ್ರ ನನ್ನ ಕಡೆ ಯಾಕ ಬಂದಿಬೇ?" ಎಂದು ಬೈಯುವರು. ಆದರೆ ಕಾರಿನ ಮಾತು ಬಂದರೆ ಅವರಷ್ಟು ಹಟಮಾರಿ ರೋಗಿಯನ್ನು ನಾನು ಕಂಡಿಲ್ಲ.

"ಬಾಯಾರ, ಬರೇ ಎಣ್ಣಿ ಸುರದ್ರ ಸೋರೂದು ನಿಲ್ಲಂಗಿಲ್ರಿ. ಗೇರ್ ಬಾಕ್ಸ್ ಇಳಸಬೇಕು. ಎರಡ ದಿನ ಗಾಡಿ ಬಿಟ್ಟು ಹೋಗ್ರಿ" ಎನ್ನುತ್ತಿದ್ದೆ.

"ಇವತ್ತ ಆಗಂಗಿಲ್ಲಪಾ. ಶಲವಡಿಯೊಳಗ ಒಬ್ಬಾಕೀಗೆ ದಿನಾ ತುಂಬ್ಯಾವು. ಸದ್ಯ ಎಣ್ಣಿ ಹಾಕು."

"ನಾಳಿ ಬಿಡ್ತೀರೇನ್ರಿ?"

"ನಾಳಿ ಯಾರು ಹಡೀತಾರಂತ ಇವತ್ತ ಹೆಂಗ ಹೇಳ್ಲಿ?"

ಬರಬರುತ್ತ ನನ್ನ ಗೊಣಗಾಟಕ್ಕೂ ಬೇಸತ್ತು, ಎಣ್ಣೆಯ ಡಬ್ಬಿಯನ್ನು ಕಾರಿನಲ್ಲೇ ಇಟ್ಟುಕೊಂಡರು. ಗೇರಿನ ಬುಡದ ಮ್ಯಾಟು ಸರಿಸಿ ತಾವೇ ಸುರಿದುಕೊಳ್ಳತೊಡಗಿದರು.

ಒಂದು ಮುಂಜಾನೆ ತಿರ್ಲಾಪುರದ ದಾರಿಯಲ್ಲಿ ಗೇರ್ ಬಾಕ್ಸು ಕಿರುಚಿ ನಿಂತುಬಿಟ್ಟಿತು. ರೈತನೊಬ್ಬ ಎತ್ತು ಹೂಡಿ ಕಾರನ್ನು ನನ್ನ ಗ್ಯಾರೇಜಿಗೆ ಎಳೆದು ತಂದ. ಬಾಯಾರು ಸ್ಟೀರಿಂಗ್ ಹಿಡಿದು ಒಳಗೆ ಕೂತೇ ಬಂದರು.

"ಮನಿಗೆ ಹೋಗ್ರಿ, ಆದಮ್ಯಾಲ ಹೇಳಿ ಕಳಸ್ತೀನಿ" ಎಂದೆ.

"ನಾ ಹೋದ್ರ ನೀ ಬ್ಯಾರೆ ಗಾಡಿ ಹಿಡೀತಿ. ಇಲ್ಲೇ ಕೂಡ್ತೀನಿ" ಎಂದು ಬೆಂಚಿನ ಮೇಲೆ ಕೂತರು.

ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನ ತುಂಬ ಕೆಮ್ಮುವವರು, ನರಳುವವರು. ನಟ್ಟು ಬಿಚ್ಚುವ ಪಾನಾ ಇಡುವ ನನ್ನ ಮೇಜಿನ ಮೇಲೆ ಬಾಯಾರು ಸ್ಟೋವು ಹೊತ್ತಿಸಿ ಸೂಜಿ ಕುದಿಸುತ್ತಿದ್ದರು. ನಾನು ಕಾರಿನ ಕೆಳಗೆ ಮಲಗಿ ನಟ್ಟು ತಿರುವುತ್ತಿದ್ದರೆ ಮುದುಕನೊಬ್ಬ ನನ್ನ ಕಾಲು ತಟ್ಟಿ, "ತಮ್ಮಾ, ನನ್ನ ಪಾಳಿ ಬಂತೇನು?" ಎಂದು ಕೇಳಿದ. ಅಳುವುದೋ ನಗುವುದೋ ತಿಳಿಯಲಿಲ್ಲ.

ಹುಬ್ಬಳ್ಳಿಯಿಂದ ಸಾಮಾನು ತರಿಸಿ, ಬೇರಿಂಗು ಬದಲಿಸಿ, ಎಣ್ಣೆ ತಡೆಯುವ ಹಿಂದಿನ ಸೀಲನ್ನು ಹೊಸದಾಗಿ ಕೂರಿಸಿದೆ. ಬಾಯಾರು ಒಂದು ಸುತ್ತು ಹೋಗಿ ಬಂದರು. ಕಾರಿನ ಕೆಳಗೆ ಮತ್ತೆ ಎಣ್ಣೆ! ಮತ್ತೆ ಇಳಿಸಿದೆ, ಮತ್ತೊಂದು ಸೀಲು ಹಾಕಿದೆ. ಮತ್ತೆ ಸೋರಿತು. ನಾನು ಪಾನಾ ಎಸೆದೆ.

"ಈ ಗಾಡಿ ಮಾರಿಬಿಡ್ರಿ ಬಾಯಾರ. ನನ್ನ ಕೈಲೆ ಆಗೂದಿಲ್ಲ."

ಅವರು ಬೈಯಲಿಲ್ಲ. "ಮಾರಿದ್ರ ಹಳ್ಳಿಗೆ ಹೆಂಗ ಹೋಗ್ಲಿ ಮಾಬೂ? ಬಸ್ಸಿನ ಹೊತ್ತಿಗೆ ಯಾರರ ಹಡೀತಾರೇನು?" ಎಂದರು. ಆಮೇಲೆ ಬೆಂಚಿನಿಂದ ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಮೊದಲಿಂದ ಹೇಳು. ಒಳಗ ಏನೇನೈತಿ? ಎಣ್ಣಿ ಹೊರಗ ಯಾಕ ಬರ್ತೈತಿ?"

ಸಿಟ್ಟಿನಲ್ಲೇ ಹೇಳಿದೆ. "ಗಾಡಿ ಓಡಿದಂಗ ಒಳಗ ಕಾಯ್ತೈತ್ರಿ. ಕಾದ ಗಾಳಿ ಹೊರಗ ಹೋಗಾಕ ಮ್ಯಾಲೆ ಒಂದು ಸಣ್ಣ ತೂತು ಇರತೈತಿ. ಅದು ಕಟ್ಟಿದ್ರ ಗಾಳಿ ಎಣ್ಣೀನ ಸೀಲಿನಿಂದ ದಬ್ಬತೈತಿ..."

"ಆ ತೂತೇನು? ಅದನ್ನ ನಾನ ಮುಚ್ಚೇನಿ."

ಮ್ಯಾಟು ಎತ್ತಿ ನೋಡಿದೆ. ಗಾಯಕ್ಕೆ ಹಚ್ಚುವ ಅಂಟುಪಟ್ಟಿ! ಎಣ್ಣೆ, ಧೂಳು ಕುಡಿದು ತಗಡಿನಂತೆ ಕಪ್ಪಾಗಿ ಗಟ್ಟಿಯಾಗಿತ್ತು. ಸೋರುವುದು ಹಿಂದಿನಿಂದ ಎಂದು ಎರಡು ಸಲ ಇಳಿಸಿದಾಗಲೂ ನಾನು ಮೇಲ್ಭಾಗ ಪರೀಕ್ಷಿಸಿಯೇ ಇರಲಿಲ್ಲ.

"ಧೂಳ ಹೋಗಬಾರದಂತ ಹಚ್ಚಿದ್ನಿ. ತೆರದ ಬಾಯಿ ಹಂಗ ಬಿಡ್ತಾರೇನು?"

"ಹೇಳಬೇಕೋ ಬ್ಯಾಡೋ ಬಾಯಾರ?"

"ನೀ ಕೇಳಬೇಕೋ ಬ್ಯಾಡೋ? ನಾ ಏನೂ ಕೇಳದ ಯಾರಿಗರ ಸೂಜಿ ಚುಚ್ಚೇನೇನು?"

ಪಟ್ಟಿ ಕಿತ್ತು, ಸೀಲು ಬದಲಿಸಿದೆ. ಸೋರುವುದು ನಿಂತಿತು. ಬಾಯಾರು ಹಾರ್ನು ಬಾರಿಸುತ್ತ ಹೊರಟರು. ನನಗೆ ಅವತ್ತು ಸಿಟ್ಟಿಗೆ ಊಟ ಸೇರಲಿಲ್ಲ.

ಕೆಲವು ವರ್ಷಗಳ ನಂತರ ಮೊಣಕಾಲು ಸೋತು, ಬಾಯಾರು ಊರು ಬಿಟ್ಟು ಧಾರವಾಡದ ತಂಗಿಯ ಮನೆಗೆ ಹೊರಟರು. ಕಾರು ನಡೆಸಿದ್ದು ನಾನು. ದಾರಿಯುದ್ದಕ್ಕೂ "ಕ್ಲಚ್ ಒತ್ತು", "ಗುಂಡಿ ನೋಡು" ಎಂದು ತಲೆ ತಿಂದರು. ಇಳಿದ ಮೇಲೆ, "ಗಾಡಿ ನಿನ್ನ ಹತ್ರ ಇರ್ಲಿ. ನನಗಿನ್ನ ಯಾಕ?" ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಒಬ್ಬನೇ ವಾಪಸು ಬರುತ್ತ ನವಲಗುಂದ ಸಮೀಪಿಸುವಾಗ ಹತ್ತಿಯ ಹೊಲದ ಬದುವಿನಿಂದ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಓಡಿ ಬಂದು ಕಾರಿಗೆ ಅಡ್ಡ ನಿಂತಳು. ಬಗ್ಗಿ ಹಿಂದಿನ ಸೀಟು ನೋಡಿದಳು, ಮುಂದಿನ ಸೀಟು ನೋಡಿದಳು.

"ಬಾಯಾರು ಎಲ್ಲೆದಾರ್ರಿ?"

ಜನರಿಗೆ ಒಂದು ಮಾತು ಹೇಳದೆ ಹೋದ ಬಾಯಾರ ಮೇಲೆ ಅವತ್ತು ಬಂದಷ್ಟು ಸಿಟ್ಟು ನನಗೆಂದೂ ಬಂದಿರಲಿಲ್ಲ. ಕೂಸಿನ ಎದೆ ಗೊರಗುಡುತ್ತಿತ್ತು. ಬಾಗಿಲು ತೆರೆದೆ.

"ಹತ್ತವಾ ತಂಗಿ. ಸರಕಾರಿ ದವಾಖಾನಿಗೆ ಹೋಗೂಣು."